ಆರಿದ ಕಾಫಿಗೂ ಸಮಚಿತ್ತಕ್ಕೂ ಏನು ವ್ಯತ್ಯಾಸ?



ನಮ್ಮಲ್ಲಿ ಹಿರಿಯರು ಹರಸುವಾಗ "ನಿನ್ನ ಹೊಟ್ಟೆ ತಣ್ಣಗಿರಲಿ" ಎನ್ನುವುದುಂಟು. ಒಳ್ಳೆಯ ಸುದ್ದಿ ಕೇಳಿದರೆ "ಮನಸ್ಸು ತಂಪಾಯಿತು" ಎನ್ನುತ್ತೇವೆ. ಅಸೂಯೆಗೆ ಕನ್ನಡಿಗರು ಇಟ್ಟ ಹೆಸರು ಹೊಟ್ಟೆಕಿಚ್ಚು. ಆದರೆ ನಾವು ಬಂದು ನೆಲೆಸಿರುವ ಈ ಕೆನಡಾದ ಇಂಗ್ಲಿಷಿನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಒಳ್ಳೆಯ ಮನುಷ್ಯನನ್ನು 'ವಾರ್ಮ್' ಎಂದು ಹೊಗಳುತ್ತಾರೆ, ಅಕ್ಕರೆಯಿಲ್ಲದವನನ್ನು 'ಕೋಲ್ಡ್' ಎಂದು ದೂರುತ್ತಾರೆ. ಬಿಸಿಲಿನ ನಾಡಿನವರು ತಂಪನ್ನು ಹಾರೈಸಿದರು, ಹಿಮದ ನಾಡಿನವರು ಬಿಸಿಯನ್ನು ಹಾರೈಸಿದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಈ ಎರಡೂ ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಭಗವದ್ಗೀತೆಯ 'ಸಮತ್ವ'ವನ್ನು ವಿವರಿಸಲು ಹೊರಟಾಗ ತೊಡಕು ಶುರುವಾಗುತ್ತದೆ. ಶೀತ, ಉಷ್ಣ ಎರಡರಲ್ಲೂ ಸಮನಾಗಿರು ಎಂದರೆ ಬಿಸಿಯೂ ಅಲ್ಲದ, ತಂಪೂ ಅಲ್ಲದ ಉಗುರುಬೆಚ್ಚನೆಯ ಮನುಷ್ಯನಾಗು ಎಂದು ಅರ್ಥವೇ?

ಇದು ಬರೀ ಮಾತಿನ ಚಮತ್ಕಾರದ ಪ್ರಶ್ನೆಯಲ್ಲ. ನಮ್ಮ ಭಾನುವಾರದ ಗೀತಾ ತರಗತಿಗೆ ಬರುವ, ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ಹುಡುಗನೊಬ್ಬ ಒಮ್ಮೆ ಕೇಳಿದ: "ಅಂಕಲ್, ನಮ್ಮ ಫಿಸಿಕ್ಸ್‌ನಲ್ಲಿ ಈಕ್ವಿಲಿಬ್ರಿಯಂ ಅಂದ್ರೆ ಕಾಫಿ ಆರಿ ರೂಮಿನಷ್ಟೇ ತಣ್ಣಗಾಗೋದು. ಆಮೇಲೆ ಏನೂ ನಡೆಯೋದಿಲ್ಲ. ಗೀತೆ ಹೇಳೋದೂ ಅದೇನಾ? ಊರಲ್ಲಿ ತಾತ ಹೋದಾಗ ಅಮ್ಮ ತುಂಬಾ ಅಳ್ತಿದ್ರು. ಮನೆಗೆ ಬಂದೋರೆಲ್ಲ 'ಗೀತೆ ಓದಿದೋರು ನೀವು, ಸಮಚಿತ್ತದಿಂದ ಇರ್ಬೇಕು' ಅಂದ್ರು. ಅಮ್ಮ ಆರಿದ ಕಾಫಿ ಥರ ಆಗ್ಬೇಕಿತ್ತಾ?"

ಹುಡುಗ ಪದವನ್ನು ಸುಮ್ಮನೆ ಎಳೆದು ತಂದಿರಲಿಲ್ಲ. ಆನಿ ಬೆಸೆಂಟ್ ಅವರ ಇಂಗ್ಲಿಷ್ ಗೀತೆಯಲ್ಲಿ 'ಸಮತ್ವ' ಎಂಬಲ್ಲಿ 'ಈಕ್ವಿಲಿಬ್ರಿಯಂ' ಎಂದೇ ಇದೆ. ಆದ್ದರಿಂದ ಅವನ ಪ್ರಶ್ನೆಗೆ ಭೌತಶಾಸ್ತ್ರದ ಬಾಗಿಲಿನಿಂದಲೇ ಒಳಗೆ ಹೋಗಿ ಉತ್ತರ ಹುಡುಕುವುದು ನ್ಯಾಯ.

ಮೊದಲು ಕಾಫಿಯನ್ನೇ ನೋಡೋಣ. ಲೋಟಕ್ಕೆ ಬಗ್ಗಿಸಿದಾಗ ಅದು 80 ಡಿಗ್ರಿ ಸೆಲ್ಸಿಯಸ್ ಇದ್ದು, ಮನೆಯೊಳಗಿನ ಗಾಳಿ 20 ಡಿಗ್ರಿ ಇದೆ ಎನ್ನೋಣ. ಅಂತರ 60 ಡಿಗ್ರಿ. ಅಂತರ ಹೆಚ್ಚಿದ್ದಷ್ಟೂ ಬೇಗ ಆರುತ್ತದೆ, ಅಂತರ ಕಡಿಮೆಯಾದಂತೆ ಆರುವ ವೇಗವೂ ತಗ್ಗುತ್ತದೆ. ಈ ನಿಯಮವನ್ನು ನ್ಯೂಟನ್ 1701ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ. ಕೊನೆಗೆ ಕಾಫಿ, ಲೋಟ, ಮೇಜು, ಗಾಳಿ ಎಲ್ಲವೂ 20 ಡಿಗ್ರಿಗೆ ಬಂದು ನಿಲ್ಲುತ್ತವೆ. ಇದಕ್ಕೆ ಉಷ್ಣ ಸಮತೋಲನ ಎಂದು ಹೆಸರು. ಶಾಖ ತಾನಾಗಿ ತಣ್ಣನೆಯದರಿಂದ ಬಿಸಿಯದಕ್ಕೆ ಹರಿಯುವುದಿಲ್ಲ ಎಂಬುದನ್ನು ಜರ್ಮನಿಯ ಕ್ಲೌಸಿಯಸ್ 1850ರಲ್ಲಿ ನಿಯಮವಾಗಿ ನಿಲ್ಲಿಸಿದ. ಮೇಜಿನ ಮೇಲೆ ಮರೆತ ಕಾಫಿ ತಾನೇ ಮತ್ತೆ ಬಿಸಿಯಾದುದನ್ನು ಯಾರೂ ಕಂಡಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಮತೋಲನ ಎಂದರೆ ಪೂರ್ತಿ ಸ್ತಬ್ಧವಾಗುವುದು ಎಂದಲ್ಲ. ಜಿನೀವಾದ ಪಿಯರ್ ಪ್ರೆವೋ 1791ರಲ್ಲಿ ತೋರಿಸಿಕೊಟ್ಟಂತೆ, ಪ್ರತಿಯೊಂದು ವಸ್ತುವೂ ಯಾವಾಗಲೂ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಸಮತೋಲನದಲ್ಲಿ ಅದು ಕೊಟ್ಟಷ್ಟೇ ಸುತ್ತಲಿನಿಂದ ಪಡೆಯುತ್ತದೆ, ಅಷ್ಟೆ. ಆದರೆ ಆರಿದ ಕಾಫಿಗೆ ತನ್ನದೆಂಬ ಮಟ್ಟವಿಲ್ಲ. ಕೋಣೆ 20 ಇದ್ದರೆ ಅದೂ 20, ರಾತ್ರಿ ಹೀಟಿಂಗ್ ಕೆಟ್ಟು ಕೋಣೆ 8 ಡಿಗ್ರಿಗೆ ಇಳಿದರೆ ಅದೂ 8. ಅದರ ಸಮತೆ ಕೋಣೆಯಿಂದ ಬಂದ ಸಾಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದಾಗಿ, ಬಿಸಿ ಯಾವುದು ತಂಪು ಯಾವುದು ಎಂದು ಹೇಳುವ ನಮ್ಮ ಚರ್ಮವನ್ನು ಎಷ್ಟು ನಂಬಬಹುದು? ಮೂರು ಪಾತ್ರೆ ತೆಗೆದುಕೊಳ್ಳಿ. ಒಂದರಲ್ಲಿ ಐಸ್ ನೀರು, ಒಂದರಲ್ಲಿ ಕೈ ತಡೆಯುವಷ್ಟು ಬಿಸಿನೀರು, ನಡುವಿನದರಲ್ಲಿ ಉಗುರುಬೆಚ್ಚನೆಯ ನೀರು. ಎಡಗೈಯನ್ನು ಐಸ್ ನೀರಿನಲ್ಲೂ ಬಲಗೈಯನ್ನು ಬಿಸಿನೀರಿನಲ್ಲೂ ಒಂದು ನಿಮಿಷ ಇಟ್ಟು, ಎರಡನ್ನೂ ಒಟ್ಟಿಗೆ ನಡುವಿನ ಪಾತ್ರೆಗೆ ಹಾಕಿದರೆ ಎಡಗೈ "ಬಿಸಿ" ಎನ್ನುತ್ತದೆ, ಬಲಗೈ "ತಣ್ಣಗಿದೆ" ಎನ್ನುತ್ತದೆ. ನೀರು ಒಂದೇ, ಸಾಕ್ಷಿ ಎರಡು. 17ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಇದೇ ಉದಾಹರಣೆಯನ್ನು ತನ್ನ ವಾದಕ್ಕೆ ಬಳಸಿದ್ದಾನೆ. ಇನ್ನೂ ಸುಲಭವಾದದ್ದೆಂದರೆ, ಬೆಳಿಗ್ಗೆ ಎದ್ದು ಸ್ಟೀಲ್ ತಂಬಿಗೆಯನ್ನೂ ದೇವರ ಮನೆಯ ಮರದ ಮಣೆಯನ್ನೂ ಮುಟ್ಟಿ ನೋಡಿ. ತಂಬಿಗೆ ಕೊರೆಯುತ್ತದೆ, ಮಣೆ ಕೊರೆಯುವುದಿಲ್ಲ. ಥರ್ಮಾಮೀಟರ್ ಹಿಡಿದರೆ ಎರಡೂ ಒಂದೇ ಡಿಗ್ರಿ. ಸ್ಟೀಲು ಮರಕ್ಕಿಂತ ಸುಮಾರು ನೂರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ನಮ್ಮ ಕೈಯ ಬಿಸಿಯನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ. ಕೈಗೆ ತಿಳಿಯುವುದು ವಸ್ತುವಿನ ತಾಪಮಾನಕ್ಕಿಂತ ಹೆಚ್ಚಾಗಿ ತನ್ನ ಶಾಖ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು.

"ಇಲ್ಲಿನ ಜನ ಬಹಳ ತಣ್ಣಗೆ, ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ" ಎಂದು ನಮ್ಮಲ್ಲಿ ಹೊಸದಾಗಿ ಬಂದವರು ಹೇಳುತ್ತಾರೆ. ಹತ್ತು ವರ್ಷ ಕಳೆದು ಊರಿಗೆ ಹೋದವರು "ಬೆಂಗಳೂರಿನ ಜನ ಮೊದಲಿನ ಹಾಗಿಲ್ಲ" ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ನಿಜವಿರಬಹುದು. ಆದರೆ ಆ ಕೈ ಯಾವ ಪಾತ್ರೆಯಿಂದ ಎದ್ದು ಬಂತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ನಮ್ಮ ಪ್ರಾಚೀನರೂ ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡಿರಲಿಲ್ಲ. ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಸ್ಪರ್ಶವನ್ನು ಶೀತ, ಉಷ್ಣ, ಅನುಷ್ಣಾಶೀತ ಎಂದು ಮೂರಾಗಿ ವಿಂಗಡಿಸುತ್ತವೆ. ನೀರಿನ ಸ್ಪರ್ಶ ಶೀತ, ತೇಜಸ್ಸಿನದು ಉಷ್ಣ, ಭೂಮಿ ಮತ್ತು ವಾಯುವಿನದು ಎರಡೂ ಅಲ್ಲದ್ದು. ಕಾಯಿಸಿದ ನೀರು ಸುಡುತ್ತದಲ್ಲ ಎಂದರೆ, ಆ ಬಿಸಿ ನೀರಿನದಲ್ಲ, ಅದರೊಳಗೆ ಸೇರಿದ ತೇಜಸ್ಸಿನದು ಎಂಬುದು ಅವರ ಉತ್ತರ. ಇಂದಿನ ವಿಜ್ಞಾನ ಇದನ್ನು ಒಪ್ಪುವುದಿಲ್ಲ, ಶಾಖವೆಂದರೆ ಕಣಗಳ ಚಲನೆ ಎನ್ನುತ್ತದೆ. ಆದರೆ ಒಂದು ವಸ್ತುವಿನ ಸ್ವಭಾವ ಬೇರೆ, ಅದಕ್ಕೆ ಹೊರಗಿನಿಂದ ಬಂದು ಹೋಗುವ ಅವಸ್ಥೆ ಬೇರೆ ಎಂಬ ಅವರ ವಿವೇಕ ಮನಸ್ಸಿನ ವಿಚಾರದಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವುದೂ ಇದನ್ನೇ: ಶೀತೋಷ್ಣಗಳು, ಸುಖದುಃಖಗಳು ಇಂದ್ರಿಯಗಳ ಸಂಪರ್ಕದಿಂದ ಬರುತ್ತವೆ, ಬಂದು ಹೋಗುತ್ತವೆ, ಅವನ್ನು ಸಹಿಸಿಕೋ. ಗಮನಿಸಿ, ಚಳಿಯೇ ಇಲ್ಲ ಎಂದು ಅವನು ಹೇಳುವುದಿಲ್ಲ. ನಿನಗೆ ಚಳಿಯಾಗಬಾರದು ಎಂದೂ ಹೇಳುವುದಿಲ್ಲ. ಇಲ್ಲದ ನೋವನ್ನು ಸಹಿಸು ಎಂದು ಯಾರೂ ಹೇಳುವುದಿಲ್ಲವಷ್ಟೆ.

ಸಹಿಸುವುದು ಎಂದರೇನು ಎಂಬುದಕ್ಕೂ ಶಾಖದ ಶಾಸ್ತ್ರದಲ್ಲಿ ಒಂದು ಒಳ್ಳೆಯ ಹೋಲಿಕೆ ಸಿಗುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ಸುಮಾರಿಗೆ ಶಾಖ ಬೇರೆ, ತಾಪಮಾನ ಬೇರೆ ಎಂದು ಸ್ಪಷ್ಟಪಡಿಸಿದ. 80 ಡಿಗ್ರಿಯ ಒಂದು ಲೀಟರ್ ನೀರನ್ನು 20 ಡಿಗ್ರಿಯ ಒಂದು ಲೀಟರಿಗೆ ಬೆರೆಸಿದರೆ ನಡುವಿನ 50 ಡಿಗ್ರಿ ಬರುತ್ತದೆ. ಆದರೆ 80 ಡಿಗ್ರಿಯ ಒಂದು ಕಿಲೋ ಕಬ್ಬಿಣದ ಗುಂಡನ್ನು 20 ಡಿಗ್ರಿಯ ಒಂದು ಲೀಟರ್ ನೀರಿಗೆ ಹಾಕಿದರೆ 50 ಬರುವುದಿಲ್ಲ, 26ರ ಹತ್ತಿರ ನಿಲ್ಲುತ್ತದೆ. ಕಬ್ಬಿಣ 54 ಡಿಗ್ರಿ ಇಳಿದರೂ ನೀರು ಏರುವುದು ಆರೇ ಡಿಗ್ರಿ. ಒಂದೇ ತೂಕದ ಕಬ್ಬಿಣಕ್ಕಿಂತ ನೀರಿಗೆ ಶಾಖವನ್ನು ಒಳಗೆ ಹಿಡಿದುಕೊಳ್ಳುವ ಶಕ್ತಿ ಸುಮಾರು ಒಂಬತ್ತು ಪಟ್ಟು ಹೆಚ್ಚು. ಕಲಬುರ್ಗಿಯಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಮಂಗಳೂರಿನಲ್ಲಿ ಅದು ಅಪರೂಪ. ಮಂಗಳೂರಿಗೆ ಪಕ್ಕದಲ್ಲೇ ಸಮುದ್ರವಿದೆ.

ಒಂದು ಮಾತಿಗೆ ಕೆಂಪಗೆ ಕಾಯುವ ಮನುಷ್ಯನೂ, ಅದೇ ಮಾತನ್ನು ಒಳಗೆ ತೆಗೆದುಕೊಂಡು ಒಂದೆರಡು ಡಿಗ್ರಿಯಷ್ಟೇ ಏರುವ ಮನುಷ್ಯನೂ ನಮ್ಮ ಮನೆಗಳಲ್ಲೇ ಇದ್ದಾರೆ. ಎರಡನೆಯವರಿಗೆ ಶಾಖ ತಟ್ಟಲಿಲ್ಲ ಎಂದು ತಿಳಿಯಬಾರದು. ಬಂದದ್ದೆಲ್ಲ ಒಳಗೆ ಸೇರಿದೆ, ಹಿಡಿಯುವ ಪಾತ್ರೆ ದೊಡ್ಡದು. ಗೀತೆ ಸ್ಥಿತಪ್ರಜ್ಞನನ್ನು ನದಿಗಳೆಲ್ಲ ಬಂದು ಸೇರಿದರೂ ಮಿತಿ ಮೀರದ ಸಮುದ್ರಕ್ಕೆ ಹೋಲಿಸುತ್ತದೆ, ನೀರು ಸೋಕದ ಬಂಡೆಗೆ ಹೋಲಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜನವರಿಯಲ್ಲಿ ಹೊರಗೆ ಮೈನಸ್ 20 ಇರುವಾಗಲೂ, ಜುಲೈನಲ್ಲಿ 35 ಇರುವಾಗಲೂ ನಮ್ಮ ದೇಹದ ಒಳಗಿನ ತಾಪಮಾನ ಸುಮಾರು 37 ಡಿಗ್ರಿಯಲ್ಲೇ ಇರುತ್ತದೆ. ಇದೂ ಒಂದು ಸಮತೆ. ಆದರೆ ಕಾಫಿಯ ಸಮತೆಗೆ ಇದು ತದ್ವಿರುದ್ಧ. ಚಳಿಯಾದರೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ಸೆಕೆಯಾದರೆ ಬೆವರು ಬಂದು, ಆವಿಯಾಗುತ್ತಾ ಶಾಖವನ್ನು ಒಯ್ಯುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞ 1920ರ ದಶಕದಲ್ಲಿ ಇದಕ್ಕೆ 'ಹೋಮಿಯೋಸ್ಟೇಸಿಸ್' ಎಂದು ಹೆಸರಿಟ್ಟ. ಸುತ್ತಲಿನೊಡನೆ ಒಂದಾಗದೆ ತನ್ನ ಮಟ್ಟ ಕಾಯ್ದುಕೊಳ್ಳಲು ದೇಹ ಒಂದು ಕ್ಷಣವೂ ಬಿಡದೆ ದುಡಿಯುತ್ತದೆ.

ಈ ದುಡಿಮೆಗೆ ವೆಚ್ಚವಿದೆ. ದಿನಕ್ಕೆ 2000 ಕಿಲೋಕ್ಯಾಲೊರಿ ಊಟ ಮಾಡುವವರ ದೇಹ ಸರಾಸರಿ 100 ವಾಟ್‌ನಷ್ಟು ಶಾಖವನ್ನು ಹೊರಗೆ ಕೊಡುತ್ತದೆ, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನ ಹಾಗೆ. ನಮ್ಮ ದೇವಸ್ಥಾನದ ಸಭಾಂಗಣದಲ್ಲಿ ನೂರು ಜನ ಕುಳಿತು ಭಜನೆ ಕೇಳುತ್ತಿದ್ದರೆ ಅದು 10 ಕಿಲೋವಾಟ್, ಮನೆಯಲ್ಲಿ ಬಳಸುವ 1500 ವಾಟ್‌ನ ಆರೇಳು ಹೀಟರುಗಳಿಗೆ ಸಮ. ಅಂದರೆ ತನ್ನ ಮಟ್ಟ ಕಾಯ್ದುಕೊಂಡಿರುವ ದೇಹವೇ ಸುತ್ತಲಿನವರಿಗೆ ಎಡೆಬಿಡದೆ ಬಿಸಿಯನ್ನು ಹಂಚುತ್ತಿರುತ್ತದೆ. ಮನುಷ್ಯನ ದೇಹ ಕೋಣೆಯೊಡನೆ ಪೂರ್ತಿ ಸಮತೋಲನಕ್ಕೆ ಬರುವುದು ಒಮ್ಮೆ ಮಾತ್ರ. "ಮೈ ತಣ್ಣಗಾಯಿತು" ಎಂದು ನಾವು ಆಗ ಹೇಳುತ್ತೇವೆ.

ಹೀಗಾಗಿ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದು: ಲೋಕದಲ್ಲಿ ಎರಡು ಬಗೆಯ ಸಮತೆ ಇದೆ. ಒಂದು ಜಡದ್ದು, ಒಂದು ಜೀವದ್ದು. ಗೀತೆ ಕೇಳುವುದು ಎರಡನೆಯದನ್ನು. ಇದು ನನ್ನ ಕಲ್ಪನೆ ಮಾತ್ರವೇ? ಗೀತೆಯನ್ನೇ ನೋಡಿ. ಸಮತ್ವವೇ ಯೋಗ ಎಂಬ ಮಾತು ಬರುವುದು "ಕರ್ಮ ಮಾಡು" ಎಂದು ಹೇಳುವ ಶ್ಲೋಕದಲ್ಲೇ. ಆರನೆಯ ಅಧ್ಯಾಯದಲ್ಲಿ ಎಲ್ಲರ ಸುಖದುಃಖಗಳನ್ನು ತನ್ನದರಂತೆಯೇ ಕಾಣುವವನನ್ನು ಪರಮ ಯೋಗಿ ಎಂದಿದೆ. ಹನ್ನೆರಡನೆಯ ಅಧ್ಯಾಯದಲ್ಲಿ ಭಗವಂತನಿಗೆ ಪ್ರಿಯನಾದ ಭಕ್ತನ ಲಕ್ಷಣಗಳು ಬರುತ್ತವೆ. ಶೀತೋಷ್ಣ ಸುಖದುಃಖಗಳಲ್ಲಿ ಸಮನಾಗಿರುವುದು ಆ ಪಟ್ಟಿಯಲ್ಲಿದೆ, ನಿಜ. ಆದರೆ ಪಟ್ಟಿ ಆರಂಭವಾಗುವುದೇ ಯಾರನ್ನೂ ದ್ವೇಷಿಸದ, ಎಲ್ಲರ ಬಗ್ಗೆ ಸ್ನೇಹ ಮತ್ತು ಕರುಣೆ ಉಳ್ಳವನು ಎಂಬುದರಿಂದ. ಕರುಣೆಯನ್ನು ಬಿಟ್ಟು ಸಮತೆಯನ್ನು ಮಾತ್ರ ಎತ್ತಿಕೊಂಡರೆ ಉಳಿಯುವುದು ಆರಿದ ಕಾಫಿಯೇ.

ಆದ್ದರಿಂದ ದುಃಖದಲ್ಲಿರುವವರ ಮನೆಗೆ ಹೋಗಿ "ಸಮಚಿತ್ತದಿಂದಿರಿ" ಎನ್ನುವುದು ಸರಿಯೇ? ಸರಿಯಲ್ಲ ಎಂದು ನನಗೆ ತೋರುತ್ತದೆ. ಸಮಚಿತ್ತ ಎನ್ನುವುದು ನನಗೆ ನಾನು ಹಾಕಿಕೊಳ್ಳಬೇಕಾದ ನಿಯಮ. ನನ್ನ ಕಷ್ಟದಲ್ಲಿ ನಾನು ಕುಸಿಯದೆ ಇನ್ನೊಬ್ಬರಿಗೆ ಆಸರೆಯಾಗಲಿ ಎಂದು ಅದು ಇರುವುದು. ಅದನ್ನು ತಿರುಗಿಸಿ ಅಳುತ್ತಿರುವ ಮಗಳ ಮೇಲೆ ಹೇರಿದರೆ, ಚಳಿಯಲ್ಲಿ ನಡುಗುತ್ತಿರುವವರಿಗೆ "ನಡುಗಬೇಡಿ" ಎಂದು ಹೇಳಿದಂತೆ. ನಡುಕ ದೇಹ ತನ್ನ ಮಟ್ಟಕ್ಕೆ ಮರಳಲು ಮಾಡುವ ಕೆಲಸ. ಅಳುವೂ ಎಷ್ಟೋ ಸಲ ಹಾಗೆಯೇ.

ಧಾರ್ಮಿಕ ಸಂಸ್ಥೆ ಕಟ್ಟಿಕೊಂಡಿರುವ ನಾವು ಇನ್ನೊಂದು ಮಾತನ್ನೂ ಯೋಚಿಸಬೇಕು. ಕಂಬಳಿಗೆ ಸ್ವಂತ ಬಿಸಿ ಇಲ್ಲ. ಒಳಗಿರುವ ಬಿಸಿ ಬೇಗ ಹೊರಗೆ ಹೋಗದಂತೆ ಅದು ತಡೆಯುತ್ತದೆ, ಅಷ್ಟೆ. ಮಂಜುಗಡ್ಡೆಗೆ ಕಂಬಳಿ ಹೊದಿಸಿದರೆ ಮಂಜುಗಡ್ಡೆಯೇ ಹೆಚ್ಚು ಹೊತ್ತು ಉಳಿಯುತ್ತದೆ. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜನ್ನು ಹಡಗಿನಲ್ಲಿ ತುಂಬಿ, ಸುಮಾರು ನಾಲ್ಕು ತಿಂಗಳ ದಾರಿ ದಾಟಿಸಿ ಕಲ್ಕತ್ತಾಕ್ಕೆ ಮುಟ್ಟಿಸಿದ. ಶಾಖವನ್ನು ತಡೆಯುವ ಹೊದಿಕೆಯಿಂದಲೇ ಅದು ಸಾಧ್ಯವಾಯಿತು. ನಮ್ಮ ಆಚಾರ, ವ್ರತ, ನಿತ್ಯಪೂಜೆಗಳು ಕಂಬಳಿಯಂತೆ ಬಹಳ ಬೇಕಾದವು. ಈ ಪರದೇಶದ ಚಳಿಯಲ್ಲಿ ಅವಿಲ್ಲದೆ ಇದ್ದ ಬಿಸಿಯೂ ಸೋರಿಹೋಗುತ್ತಿತ್ತು. ಆದರೆ ಒಳಗೆ ಪ್ರೀತಿ ಇದ್ದರೆ ಅವು ಪ್ರೀತಿಯನ್ನು ಕಾಪಾಡುತ್ತವೆ, ಒಳಗೆ ಬಿಗುಮಾನವಿದ್ದರೆ ಬಿಗುಮಾನವನ್ನೂ ಅಷ್ಟೇ ಚೆನ್ನಾಗಿ ಕಾಪಾಡುತ್ತವೆ. ಬಿಸಿಯನ್ನು ಹುಟ್ಟಿಸುವ ಕೆಲಸ ನಮ್ಮದೇ.

"ದಿನವೂ ಕೊಡುತ್ತಾ ಹೋದರೆ ನಾವೇ ತಣ್ಣಗಾಗುವುದಿಲ್ಲವೇ?" ಎಂದು ಕೇಳಬಹುದು. ಹಾಸಿಗೆ ಹಿಡಿದ ಅತ್ತೆಯನ್ನೋ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಒಂದು ದಿನ ಯಾವುದಕ್ಕೂ ಏನೂ ಅನ್ನಿಸದ ಸ್ಥಿತಿ ಬರುತ್ತದೆ. ನೋಡುವವರು ಅದನ್ನು ವೈರಾಗ್ಯ ಎಂದು ಭ್ರಮಿಸಬಹುದು, ಅದು ದಣಿವು. ಊಟವಿಲ್ಲದೆ ದೇಹ 37 ಡಿಗ್ರಿಯನ್ನು ಬಹಳ ದಿನ ಕಾಯಲಾರದು. ಮನಸ್ಸಿಗೂ ಊಟ, ನಿದ್ದೆ, ಸತ್ಸಂಗ, ಕೈ ಬದಲಾಯಿಸಲು ಇನ್ನೊಬ್ಬರು ಬೇಕು. ಅಂಥವರಿಗೆ ಗೀತೆಯ ಉಪದೇಶ ಮಾಡುವುದಕ್ಕಿಂತ ವಾರಕ್ಕೊಂದು ಮಧ್ಯಾಹ್ನ ಹೋಗಿ "ನೀವು ಸ್ವಲ್ಪ ಮಲಗಿ, ನಾನಿರುತ್ತೇನೆ" ಎನ್ನುವುದು ಮೇಲು.

ಇನ್ನು ನಮ್ಮಂಥವರ ನಿತ್ಯದ ಕೊರಗು: ಅಪ್ಪ ಅಮ್ಮ ಅಲ್ಲಿ, ನಾವು ಇಲ್ಲಿ. ಇಷ್ಟು ದೂರಕ್ಕೆ ಬಿಸಿ ಮುಟ್ಟುವುದೇ? ಶಾಖ ಸಾಗಲು ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳಿವೆ. ಮೊದಲನೆಯದಕ್ಕೆ ಸ್ಪರ್ಶ ಬೇಕು, ಎರಡನೆಯದಕ್ಕೆ ನಡುವೆ ಹರಿಯುವ ಗಾಳಿಯೋ ನೀರೋ ಬೇಕು, ಮೂರನೆಯದಕ್ಕೆ ಏನೂ ಬೇಡ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಿಂದ, ಬರೀ ಶೂನ್ಯದ ಮೂಲಕ, ನಮ್ಮ ಅಂಗಳವನ್ನು ಬೆಚ್ಚಗಿಡುತ್ತಾನೆ. ದಿನಕ್ಕೊಂದು ಫೋನ್ ಕರೆ ಮುಟ್ಟುತ್ತದೆ, ಸಂದೇಹವಿಲ್ಲ. ಆದರೆ ದೂರ ಎರಡು ಪಟ್ಟಾದರೆ ವಿಕಿರಣದ ಬಲ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ ಎಂಬುದೂ ಅದೇ ಶಾಸ್ತ್ರದ ಮಾತು. ಹಣ ಕಳಿಸಿದೆವು, ಮಾತಾಡಿದೆವು, ನಮ್ಮ ಮನಸ್ಸು ಸಮವಾಗಿದೆ ಎಂದು ನೆಮ್ಮದಿಯಾಗಿ ಕುಳಿತುಕೊಳ್ಳುವ ಮೊದಲು, ಹಿಡಿಯಲು ಕೈಯೇ ಬೇಕಾಗುವ ದಿನಗಳೂ ಇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅಂಥ ದಿನ ರಜೆ ಹಾಕಿ ಟಿಕೆಟ್ ಕೊಳ್ಳುವುದೂ ಯೋಗದ ಭಾಗವೇ.

ನಮ್ಮ ಸಮಚಿತ್ತ ಯಾವ ಬಗೆಯದು ಎಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಸುತ್ತಲಿನವರು ಬದಲಾದರೆ ಅದೂ ಬದಲಾಗುತ್ತದೆಯೇ? ಅದಕ್ಕಾಗಿ ನಾವು ದಿನವೂ ಸ್ವಲ್ಪವಾದರೂ ದುಡಿಯುತ್ತಿದ್ದೇವೆಯೇ? ನಮ್ಮ ಪಕ್ಕದಲ್ಲಿ ಕುಳಿತವರಿಗೆ ಅದರಿಂದ ಬೆಚ್ಚಗಾಗುತ್ತಿದೆಯೇ? ಈ ಮೂರನ್ನು ಕೇಳಿಕೊಂಡರೆ ಸಾಕು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ಮಾಡಿ ತಂದುಕೊಡುತ್ತಾರೆ. ನಮ್ಮ ಊರುಗಳಲ್ಲಿ ಈ ಪದ್ಧತಿ ಹಿಂದಿನಿಂದ ಬಂದದ್ದು. ಯಾರೂ ಹೆಚ್ಚು ಮಾತಾಡುವುದಿಲ್ಲ. ಪಾತ್ರೆ ಇಟ್ಟು, ಸ್ವಲ್ಪ ಹೊತ್ತು ಕುಳಿತು, "ಆರುವ ಮೊದಲು ಒಂದು ತುತ್ತು ತಿನ್ನಿ" ಎಂದು ಹೇಳಿ ಎದ್ದು ಬರುತ್ತಾರೆ. ನಮ್ಮ ಸಮಾಜದಲ್ಲೂ ಇಂಥ ಮನೆಗಳಿಗೆ ಸರದಿಯ ಮೇಲೆ ಅಡುಗೆ ಒಯ್ಯುವ ಒಂದು ಏರ್ಪಾಡು ಮಾಡಿಕೊಳ್ಳಬಾರದೇಕೆ? ಓದುಗರು ಯೋಚಿಸಬೇಕೆಂದು ವಿನಂತಿ.